ಕೆಂಪಂಚಿನ ಮೊರ

ಗಬ್ಬೂರಿನ ಬಸ್ಸು ಹತ್ತುವಾಗಲೇ ವೆಂಕಣ್ಣ ಮಾಸ್ತರರು ಸಿಟ್ಟನ್ನು ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದರು. ಹೆತ್ತವಳು ಬದುಕಿದ್ದರೆ ಅವಳಿಗೆ, ಇಲ್ಲದಿದ್ದರೆ ಅವಳ ಕಡೆಯವರಿಗೆ ಕೇಳುವುದು ಒಂದೇ ಮಾತು: ನನ್ನನ್ನು ತಿಪ್ಪೆಗೆ ಯಾಕೆ ಎಸೆದಿರಿ? ರಾಯಚೂರಿನಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿ ನಿವೃತ್ತರಾದ ಮನುಷ್ಯ ಈ ವಯಸ್ಸಿನಲ್ಲಿ ಕೇಳುವ ಮಾತೇ ಇದು ಎಂದು ಯಾರಾದರೂ ನಗಬಹುದು. ನಗಲಿ. ತಿಪ್ಪೆಯಲ್ಲಿ ಮಲಗಿದ್ದು ಆ ನಗುವವರಲ್ಲವಲ್ಲ.

ಸಾಕಿದವಳು ಮಾನ್ವಿಯ ಪಕೀರಮ್ಮ, ಕೂಲಿಯವಳು. "ಮೈಮ್ಯಾಲೆ ಚೂರು ಅರಿವಿ ಇದ್ದಿಲ್ಲಪ್ಪ, ಇರುವಿ ಮುತ್ತಿದ್ವು" ಎಂದು ಹೇಳಿ ಹೇಳಿಯೇ ಬೆಳೆಸಿದಳು. ತಾನು ಉಪವಾಸ ಬಿದ್ದು ಇವರಿಗೆ ಉಣಿಸಿ, ಓದಿಸಿ ಮಾಸ್ತರ ಮಾಡಿದಳು. ಊರಿನ ಹೆಸರನ್ನು ಮಾತ್ರ ಸಾಯುವ ಮುಂಚೆ ಹೇಳಿದಳು. ಹೇಳಿದ ಬಾಯಲ್ಲೇ "ಹೋಗಬ್ಯಾಡ" ಅಂದಳು. ಹೋಗಬೇಡ ಅಂದರೆ ಯಾರಾದರೂ ಹೋಗದೆ ಇರುತ್ತಾರೆಯೇ!

ಓಣಿಯ ಕಟ್ಟೆಯ ಮುಂದೆ ನಿಂತು, ಹಿಂದೊಮ್ಮೆ ತಿಪ್ಪೆಯ ಮೇಲೆ ಬಿಟ್ಟ ಗಂಡು ಕೂಸು ತಾನೆಂದು ಹೇಳಿದ್ದೇ ತಡ, ಅಲ್ಲಿ ಕೂತಿದ್ದ ಸುಂಕಪ್ಪ ಎದ್ದು ನಿಂತ.

"ಹೌದಲ್ರೋ! ಗೋಪಮ್ಮ ಮಾರಿದ ಕೂಸು!"

ಅವನು ತೋರಿಸಿದ ಮನೆಯಲ್ಲಿದ್ದ ಗೋಪಮ್ಮ ಹೆತ್ತವಳ ತಂಗಿ. ಹಣ್ಣು ಮುದುಕಿ, ಕಣ್ಣು ಮಂಜು. ವಿಷಯ ಕೇಳಿ, ಮಾಸ್ತರರ ಮುಖವನ್ನು ಎರಡೂ ಕೈಯಿಂದ ಸವರಿ, "ನಮ್ಮಕ್ಕನ ಮೂಗು" ಎಂದು ಗೊಳೋ ಎಂದು ಅತ್ತಳು. ಅಕ್ಕ ತೀರಿಕೊಂಡು ಬಹಳ ಕಾಲವಾಗಿತ್ತು. ಮಾಸ್ತರರು ಕರಗಲಿಲ್ಲ.

"ನನ್ನ ಯಾಕ ಬಿಸಾಕಿದ್ರಿ?"

"ಬಿಸಾಕಿದ್ದಲ್ಲೋ ಯಪ್ಪಾ! ನಿನಗಿಂತ ಮುಂಚೆ ಹುಟ್ಟಿದ್ವೆಲ್ಲ ಸತ್ವು. ನೀನರೆ ಉಳೀಲಿ ಅಂತ ಮೊರದಾಗ ಮಲಗಿಸಿ ತಿಪ್ಪಿ ಮ್ಯಾಲೆ ಇಟ್ಟಿವಿ. ಬ್ಯಾರೆಯಾಕಿ ಎತಗೊಂಡು ಬರಬೇಕು, ಹಡದಾಕಿ ತೌಡು ಕೊಟ್ಟು ಕೊಳ್ಳಬೇಕು. ಹಂಗ ಮಾಡಿದ್ರ ಕೂಸು ಉಳೀತದ."

ಇಟ್ಟವಳು ಹಿಂತಿರುಗಿ ನೋಡಬಾರದೆಂಬುದು ಕಟ್ಟಳೆ. ಅಕ್ಕ ತೌಡು ಹಿಡಿದು ಬೆನ್ನು ಮಾಡಿ ನಿಂತಳು. ಎತ್ತಿಕೊಳ್ಳಬೇಕಾಗಿದ್ದ ಗೋಪಮ್ಮ ಓಣಿ ಬಳಸಿ ಬರುವಷ್ಟರಲ್ಲಿ ಕೂಸೂ ಇಲ್ಲ, ಮೊರವೂ ಇಲ್ಲ. ಅಕ್ಕ ನಂಬಲಿಲ್ಲ. ಸಾಯುವವರೆಗೂ ತಂಗಿಯ ಮುಖ ನೋಡಲಿಲ್ಲ. ಊರಂತೂ ತಂಗಿಯೇ ಮಾರಿದಳೆಂದು ಅವತ್ತೇ ತೀರ್ಪು ಕೊಟ್ಟಿತ್ತು.

"ನಾನೇ ಕೈಯಾರೆ ಹೊಲಿದ ಮೊರಪ್ಪ ಅದು. ಕೆಂಪು ಸೀರಿ ಅಂಚು ಹಚ್ಚಿದ್ದೆ."

ಮಾಸ್ತರರು ಆ ಮೊರವನ್ನು ಕಂಡಿದ್ದರು. ಮಾನ್ವಿಯ ಮನೆಯಲ್ಲಿ ಗೂಟಕ್ಕೆ ಕೆಂಪಂಚಿನ ಮೊರವೊಂದು ತೂಗುತ್ತಿತ್ತು. ಚಿಕ್ಕಂದಿನಲ್ಲಿ ಒಮ್ಮೆ ಅದನ್ನು ಇಳಿಸಿದ್ದಕ್ಕೆ, ಎಂದೂ ಕೈಯೆತ್ತದ ಪಕೀರಮ್ಮ ಕಪಾಳಕ್ಕೆ ಹೊಡೆದಿದ್ದಳು. ಅವಳ ತವರೂ ಇದೇ ಸೀಮೆ, ದೇವದುರ್ಗದ ಕಡೆ. ಮೊರದಲ್ಲಿ ಮಲಗಿಸಿದ ಕೂಸು ಬಿಟ್ಟ ಕೂಸಲ್ಲವೆಂದು ಈ ಸೀಮೆಯ ಯಾವ ಹೆಂಗಸಿಗೆ ಗೊತ್ತಿಲ್ಲ? ಗೊತ್ತಿದ್ದೇ ಒಯ್ದಿದ್ದಳು. ಇರುವೆ ಸುಳ್ಳು, ಬತ್ತಲೆ ಮೈ ಸುಳ್ಳು. ಹೊಟ್ಟೆ ಕಟ್ಟಿ ಸಾಕಿದ್ದು ಮಾತ್ರ ನಿಜ.

"ಯಾರು ಒಯ್ದಿದ್ರಪ್ಪಾ? ಕಟ್ಟೆಗೆ ಬಂದು ಹೆಸರು ಹೇಳು. ನಾ ಮಾರಿದಾಕಿ ಅಲ್ಲಂತ ಮಂದಿ ಬಾಯಾಗ ಕೇಳಿ ಸಾಯ್ತೀನಿ."

ಮುದುಕಿಯ ಕೈ ಹಿಡಿದು ಕಟ್ಟೆಗೆ ಕರೆತಂದರು. ಓಣಿಗೆ ಓಣಿಯೇ ಸೇರಿತ್ತು.

"ಗೋಪಮ್ಮ ನನ್ನ ಮಾರಲಿಲ್ರೀ" ಎಂದರು ಮಾಸ್ತರರು.

"ಹಂಗಾರ ಯಾರು ಒಯ್ದ್ರು, ಹೇಳ್ರಿ" ಎಂದ ಸುಂಕಪ್ಪ.

ಪಕೀರಮ್ಮನ ಹೆಸರು ಗಂಟಲವರೆಗೆ ಬಂತು. ಜ್ವರದಲ್ಲಿ ಗಂಜಿ ಕುಡಿಸಿದವಳನ್ನು, ತಾನೇ ಮಣ್ಣು ಕೊಟ್ಟು ಬಂದವಳನ್ನು, ಈ ಜನರೆದುರು ಕೂಸುಗಳ್ಳಿ ಅನ್ನಬೇಕಿತ್ತು.

"ಗೊತ್ತಿಲ್ಲ" ಎಂದರು.

ಸುಂಕಪ್ಪ ನಕ್ಕ. "ಸ್ವಂತ ಚಿಗವ್ವ ಅಲ್ಲೇನು, ಮರ್ಯಾದಿ ಉಳಿಸಾಕತ್ಯಾರ." ಜನ ಚದುರಿದರು.

ಗೋಪಮ್ಮ ಕೈ ಬಿಡಿಸಿಕೊಂಡಳು. "ನಿನಗ ಗೊತ್ತದ" ಎಂದಳು, ಅವರೊಬ್ಬರಿಗೇ ಕೇಳುವಂತೆ. ಗೋಡೆ ಹಿಡಿದು ಮನೆಯತ್ತ ನಡೆದಳು. ಹಿಂತಿರುಗಿ ನೋಡಲಿಲ್ಲ.

ಮುದುಕಿಯ ನಡಿಗೆ, ನಿಧಾನ. ಅವಳು ಬಾಗಿಲು ಮುಟ್ಟುವವರೆಗೂ ಕರೆದು ಹೇಳಲು ಹೊತ್ತಿತ್ತು. ಮಾಸ್ತರರು ಹೇಳಲಿಲ್ಲ.