ಅತ್ತೆ ಜೋಡಿಸಿದ ವ್ಯಾನು

ಮೂರನೆಯ ತಿರುವಿನಲ್ಲಿ ವ್ಯಾನಿನ ಎಡಗಡೆಯ ಎರಡೂ ಚಕ್ರಗಳು ನೆಲ ಬಿಟ್ಟವು. ಸೊಸೆ ಸ್ಟಿಯರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿದಳು. ವ್ಯಾನು ಧೊಪ್ಪೆಂದು ಮತ್ತೆ ನಾಲ್ಕೂ ಚಕ್ರದ ಮೇಲೆ ಕೂತಿತು. ಹಿಂದಿದ್ದ ಸಾಮಾನು ಮಾತ್ರ ಕೂರಲಿಲ್ಲ. ಈರುಳ್ಳಿ ಚೀಲ ಬಾಯಿಬಿಟ್ಟಿತು, ಹಿಟ್ಟಿನ ಡಬ್ಬ ಮಗುಚಿತು, ಕುಕ್ಕರ್ ಹಾರಿಬಂದು ಪಕ್ಕದಲ್ಲಿ ಕೂತಿದ್ದ ಗಂಡನ ಭುಜಕ್ಕೆ ಬಡಿಯಿತು.

ಗಂಡ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಭುಜ ಹಿಡಿದುಕೊಂಡು, ಮೈಯೆಲ್ಲ ಹಿಟ್ಟು ಮಾಡಿಕೊಂಡು, "ಬದುಕಿದ್ದೀವಾ?" ಎಂದು ಕೇಳಿದರು.

ಹಿಂದೆ ಬರುತ್ತಿದ್ದ ಕೆಂಪು ಜೀಪಿನವನು ಹಗ್ಗ ಕಟ್ಟಿ ವ್ಯಾನನ್ನು ಮೆಲ್ಲಗೆ ಕೆಳಗಿಳಿಸಿದ. ಒಳ್ಳೆಯವನೇ, ಆದರೆ ಬಾಯಿ ಸುಮ್ಮನಿರುವುದಲ್ಲ. ಮಾಡಿನ ಕ್ಯಾರಿಯರ್ ಮೇಲೆ ಗೋಪುರದಂತೆ ಪೇರಿಸಿದ್ದ ಎರಡು ಸ್ಟೆಪ್ನಿ, ನೀರಿನ ಕ್ಯಾನು, ಕಬ್ಬಿಣದ ಪೆಟ್ಟಿಗೆಗಳನ್ನು ಒಮ್ಮೆ ತಲೆಯೆತ್ತಿ ನೋಡಿದ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಕ್ಯಾಂಪಿಗೆ ಬಂದಿದ್ದೋ, ಇಲ್ಲಾ ಮನೆ ಖಾಲಿ ಮಾಡ್ಕೊಂಡು ಬಂದಿದ್ದೋ?"

ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸೊಸೆಯೂ ನಕ್ಕಳು. ಅವಳ ಕಿವಿ ಮಾತ್ರ ಕೆಂಡವಾಗಿತ್ತು.

ಅವಳಿಗೆ ಲಾರಿ ರಿಪೇರಿಯ ಗ್ಯಾರೇಜು ಇತ್ತು. ಗುಜರಿ ಸೇರಬೇಕಿದ್ದ ಆ ಫೋರ್‌ವೀಲ್ ಡ್ರೈವ್ ವ್ಯಾನನ್ನು ತಂದು, ಎರಡು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು, ಎಂಜಿನ್ನಿನ ಒಂದೊಂದು ಬೋಲ್ಟನ್ನೂ ತನ್ನ ಕೈಯಿಂದಲೇ ಬಿಗಿದಿದ್ದಳು. ಒಂದೇ ಆಸೆ. ಪ್ರತಿ ಬೇಸಿಗೆಗೆ ಮೂವತ್ತು ನಲವತ್ತು ಗಾಡಿಗಳು ಹದಿನೇಳು ತಿರುವಿನ ಕಲ್ಲುದಾರಿ ಹತ್ತಿ, ಮೇಲಿನ ಬಯಲಿನಲ್ಲಿರುವ ಒಣಗಿದ ಕೆರೆಯ ದಂಡೆಯಲ್ಲಿ ಎರಡು ದಿನ ಬೀಡುಬಿಡುತ್ತವೆ. ಅವುಗಳಲ್ಲಿ ತನ್ನದೂ ಒಂದಿರಬೇಕು. ಎಂಜಿನ್ ಕೈಕೊಡಲಿಲ್ಲ, ಗೇರು ಕೈಕೊಡಲಿಲ್ಲ. ಕೈಕೊಟ್ಟದ್ದು ಕುಕ್ಕರು, ಈರುಳ್ಳಿ!

ಆ ಹೊತ್ತಿಗೆ ಮನೆಯೊಳಗೆ ಬೇರೊಂದು ಯುದ್ಧ ನಡೆಯುತ್ತಿತ್ತು. ಅತ್ತೆ ದೊಡ್ಡಾಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನ ಸ್ಟೋರನ್ನು ಮೂವತ್ತೆರಡು ವರ್ಷ ನೋಡಿಕೊಂಡವರು. ನಿವೃತ್ತರಾಗಿ ಏಳು ತಿಂಗಳಾಗಿತ್ತು. ಮಂಡಿನೋವು, ಮೆಟ್ಟಿಲು ಹತ್ತುವ ಹಾಗಿಲ್ಲ. ಕೈ ಸುಮ್ಮನಿರಬೇಕಲ್ಲ? ಅಡುಗೆಮನೆಯನ್ನು ನಾಲ್ಕು ಸಲ ತಿರುಗಾಮುರುಗಾ ಮಾಡಿದ್ದರು.

"ಅತ್ತೆ, ಸಕ್ಕರೆ ಎಲ್ಲಿ?"

"ಟೀ ಮಾಡೋ ಜಾಗದಲ್ಲಿ."

"ಅದೇ, ಅದು ಈ ವಾರ ಎಲ್ಲಿದೆ ಅಂತ!"

ಅಲ್ಲಿಗೂ ಸೊಸೆ ಸಹಿಸಿಕೊಂಡಳು. ಆದರೆ ಒಂದು ಬೆಳಿಗ್ಗೆ ಅವಳು ನಟ್ಟು ಬಿಚ್ಚುವ ಪಾನಾಗಳೆಲ್ಲ ಚಪ್ಪಲಿ ಸ್ಟ್ಯಾಂಡಿನಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಿದ್ದವು. "ನನ್ನ ಪಾನಾ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳ್ಲಿ?" ಎಂದು ಅವಳು ಕಿರುಚಿದಳು. ನಾಲ್ಕು ದಿನ ಅತ್ತೆ ಸೊಸೆಗೆ ಮಾತಿಲ್ಲ. ನಡುವೆ ಮೇಷ್ಟ್ರು ಅಂಚೆಯವರಂತೆ ಅತ್ತಿಂದಿತ್ತ ಓಡಾಡಿ ಸುಸ್ತಾದರು.

ಐದನೆಯ ದಿನ ಭಾನುವಾರ. ಸೊಸೆ ಅಂಗಳದಲ್ಲಿ ವ್ಯಾನಿನ ಸೀಟಿನ ಸಂದಿಯಿಂದ ಇನ್ನೂ ಹಿಟ್ಟು ಗುಡಿಸುತ್ತಿದ್ದಳು. ಅತ್ತೆ ನಿಧಾನವಾಗಿ ಬಂದು ಹಿಂಬಾಗಿಲಿನಿಂದ ಒಳಗೆ ಇಣುಕಿದರು.

"ಇದನ್ನ ಯಾರು ತುಂಬಿದ್ದು?"

"ನಾನು. ಅರ್ಧ ನಿಮ್ಮ ಮಗ."

"ಇದು ತುಂಬಿದ್ದಲ್ಲಮ್ಮ, ಸುರಿದಿದ್ದು."

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಪೊರಕೆ ಬಿಸಾಡಿ, "ಹಾಗಾದ್ರೆ ನೀವೇ ಜೋಡಿಸಿ ನೋಡೋಣ!" ಎಂದಳು. ಚುಚ್ಚಬೇಕೆಂದೇ ಹೇಳಿದ ಮಾತು. ಅತ್ತೆಯ ಮುಖ ಮಾತ್ರ ಏಳು ತಿಂಗಳಲ್ಲಿ ಮೊದಲ ಬಾರಿಗೆ ಬೆಳಗಿತು. "ಒಂದು ಸ್ಟೂಲು, ಒಂದು ನೋಟ್‌ಬುಕ್ಕು ತಾ" ಎಂದರು.

ಆದರೆ ಅವರು ಒಂದು ಡಬ್ಬವನ್ನೂ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತು, "ಈಗ ಅಂಗಳವೇ ಕ್ಯಾಂಪು ಅಂದ್ಕೊಳ್ಳಿ. ಬೆಳಗಿಂದ ಸಂಜೆವರೆಗೂ ಏನೇನು ಮಾಡ್ತೀರೋ ಎಲ್ಲಾ ಮಾಡಿ. ನಾನು ಇದ್ದೀನಿ ಅನ್ನೋದನ್ನ ಮರೆತುಬಿಡಿ" ಎಂದರು. ಗಂಡ ಹೆಂಡತಿ ಅಂಗಳದಲ್ಲೇ ಒಲೆ ಹಚ್ಚಿದರು, ಟೀ ಕಾಸಿದರು, ಹಾಸಿಗೆ ಹಾಸಿದರು, ಮಡಚಿದರು, ಕೆಡದ ಚಕ್ರವನ್ನು ಬಿಚ್ಚಿ ಮತ್ತೆ ಹಾಕಿದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿನಿಂದ ನೋಡಿ, "ಮನೆಯೊಳಗೆ ಏನಾದ್ರೂ ಜಗಳವಾ?" ಎಂದು ವಿಚಾರಿಸಿದರು.

ಸಂಜೆ ಅತ್ತೆ ನೋಟ್‌ಬುಕ್ ಓದಿದರು. ಹಿಂಬಾಗಿಲು ನಲವತ್ತೊಂದು ಸಲ ತೆರೆದಿದೆ. ಒಲೆ ಈಚೆ ತೆಗೆಯಲು ಆರು ಸಾಮಾನು ಕೆಳಗಿಳಿದಿವೆ. ಜಾಕ್ ಸಿಗಲು ಹತ್ತೊಂಬತ್ತು. ಮೇಷ್ಟ್ರ ಪುಸ್ತಕದ ಎರಡು ಪೆಟ್ಟಿಗೆ, ದೂರದರ್ಶಕ, ಮೂರನೆಯ ಕುರ್ಚಿ, ಇವನ್ನು ಯಾರೂ ಮುಟ್ಟಿಯೇ ಇಲ್ಲ.

"ಅಮ್ಮಾ, ದೂರದರ್ಶಕ ಬೇಕೇ ಬೇಕು..."

"ಲೋ, ನಿಂಗೆ ಹತ್ತಿರದ ಕನ್ನಡಕವೇ ಸಿಗಲ್ಲ. ಮನೇಲಿರ್ಲಿ."

ಆಮೇಲೆ ಸೊಸೆಯ ಕಡೆ ತಿರುಗಿದರು. "ನೀನು ಪಾತ್ರೆ ಒಂದು ಕಡೆ, ಉಪಕರಣ ಒಂದು ಕಡೆ, ಔಷಧಿ ಒಂದು ಕಡೆ ಇಟ್ಟಿದ್ದೀಯ. ನೋಡೋಕೆ ಚೆಂದ. ಆದ್ರೆ ಡಾಕ್ಟ್ರು ಹೊಟ್ಟೆ ಕೊಯ್ದು ನಿಂತಿರ್ತಾರೆ. ಕತ್ತರಿ ಒಂದು ಬೀರುವಿಂದ, ದಾರ ಇನ್ನೊಂದು ಬೀರುವಿಂದ ಹುಡುಕ್ತಾ ಇದ್ರೆ ಆಗುತ್ತಾ? ಆ ಕೆಲಸಕ್ಕೆ ಬೇಕಾಗಿದ್ದೆಲ್ಲ ಒಂದೇ ತಟ್ಟೇಲಿರಬೇಕು."

ಸೊಸೆ ಹಣೆ ಚಚ್ಚಿಕೊಂಡಳು. ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ಅವಳೂ ಬೇಕಾದದ್ದನ್ನೆಲ್ಲ ಒಂದೇ ಟ್ರೇಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಇಲ್ಲಿ ಯಾಕೆ ಹೊಳೆಯಲಿಲ್ಲವೋ!

ಹಾಗೆಂದು ಅತ್ತೆಯದೇ ಎಲ್ಲಾ ನಡೆಯಲಿಲ್ಲ. ನೀರು ಒಲೆಯ ಪಕ್ಕದಲ್ಲೇ, ಅಂದರೆ ಹಿಂಬಾಗಿಲಿನಲ್ಲೇ ಇರಬೇಕೆಂದು ಅವರ ಹಟ. "ಎಂಬತ್ತು ಲೀಟರ್ ಬಾಲದಲ್ಲಿ ನೇತಾಡಿದ್ರೆ ಮೂತಿ ಮೇಲೇಳುತ್ತೆ ಅತ್ತೆ, ಸ್ಟಿಯರಿಂಗ್ ಹಿಡಿತಕ್ಕೆ ಬರಲ್ಲ" ಎಂದಳು ಸೊಸೆ. ಅತ್ತೆ ಒಪ್ಪಲಿಲ್ಲ. ಮರುದಿನ ಸೊಸೆ ಎಲ್ಲ ಸಾಮಾನನ್ನೂ ಮೊದಲಿನಂತೆಯೇ ತುಂಬಿ, ಅತ್ತೆಯನ್ನು ಕೂರಿಸಿಕೊಂಡು, ಲಾರಿ ತೂಗುವ ವೇಬ್ರಿಜ್‌ಗೆ ಹೋದಳು. ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ತೂಗಿಸಿದಳು, ಆಮೇಲೆ ಹಿಂದಿನವನ್ನು. ಮುಂದೆ ಒಂಬೈನೂರ ಅರವತ್ತು ಕೆಜಿ. ನೀರು ಇನ್ನೂ ಮಾಡಿನ ಮೇಲಿದ್ದಾಗಲೇ ಹಿಂದೆ ಸಾವಿರದ ಏಳುನೂರ ಇಪ್ಪತ್ತು.

ಅತ್ತೆ ಚೀಟಿಯನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು. ಅಂಕಿ ಎಂದರೆ ಅವರಿಗೆ ಅಂಕಿಯೇ. "ಸರಿ. ನೀರು ಎಲ್ಲಿರಬೇಕು ಹೇಳು" ಎಂದರು.

"ನಡುವೆ. ನೆಲಕ್ಕೆ ಅಂಟಿಕೊಂಡು. ಒಲೆ ಹತ್ರಕ್ಕೆ ಒಂದು ಪೈಪ್ ಎಳೆದು ನಲ್ಲಿ ಇಡ್ತೀನಿ."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಿದ್ರಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಟ್ಟರು. ವೇಬ್ರಿಜ್‌ನವನಿಗೆ ಏನೂ ಅರ್ಥವಾಗಲಿಲ್ಲ.

ಅಲ್ಲಿಂದ ಒಂಬತ್ತು ಭಾನುವಾರ ಕೆಲಸ ನಡೆಯಿತು. ಸೊಸೆ ಪ್ಲೈವುಡ್ ಕೊಯ್ದು ಅತ್ತೆಯ ಸೊಂಟದ ಎತ್ತರಕ್ಕೆ ಸರಿಯಾಗಿ ನಾಲ್ಕು ಡ್ರಾಯರ್ ಮಾಡಿದಳು. ಬಗ್ಗುವಂತಿಲ್ಲ, ಹತ್ತುವಂತಿಲ್ಲ, ಎಳೆದರೆ ಸಾಕು. ಕುಲುಕಾಟಕ್ಕೆ ತಾವಾಗಿ ತೆರೆದುಕೊಳ್ಳದಂತೆ ಒಂದೊಂದಕ್ಕೂ ಚಿಲಕ. ಪಾತ್ರೆಗಳ ನಡುವೆ ದಪ್ಪ ಬಟ್ಟೆ, ಡಬ್ಬಗಳ ಸಂದಿಗೆ ಬೆರಳು ತೂರದಷ್ಟು ಬಿಗಿ. ಮಾಡಿನ ಮೇಲೆ ಹಾಸಿಗೆ, ಟಾರ್ಪಾಲು ಬಿಟ್ಟು ಬೇರೇನೂ ಇಲ್ಲ. ಒಂದೇ ಸ್ಟೆಪ್ನಿ, ಅದೂ ಡ್ರೈವರ್ ಸೀಟಿನ ಹಿಂದೆ, ಪಕ್ಕದ ಬಾಗಿಲ ಬಳಿ, ಬೆಲ್ಟ್ ಬಿಗಿದು ನಿಲ್ಲಿಸಿದ್ದು. ಡ್ರಾಯರ್‌ಗಳ ಮೇಲೆ ಅತ್ತೆ ಗುಂಡು ಅಕ್ಷರದಲ್ಲಿ ಚೀಟಿ ಅಂಟಿಸಿದರು: "ಹಸಿವಾದರೆ", "ಗಾಯವಾದರೆ", "ಮಲಗುವಾಗ", "ಚಕ್ರ ಕೆಟ್ಟರೆ".

ಮತ್ತೆ ತೂಗಿಸಿದಾಗ ಮುಂದೆ ಸಾವಿರದ ನೂರ ನಲವತ್ತು, ಹಿಂದೆ ಸಾವಿರದ ಇನ್ನೂರ ತೊಂಬತ್ತು. ಅತ್ತೆ ಆ ಚೀಟಿಯನ್ನು ಮಡಚಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

"ಅತ್ತೆ, ಈ ಸಲ ನೀವೂ ಬರ್ತಿದ್ದೀರಿ" ಎಂದಳು ಸೊಸೆ.

"ಮತ್ತೆ? ಸ್ಟೋರ್ ಬಿಟ್ಟು ಸ್ಟೋರ್‌ಕೀಪರ್ ಮನೇಲಿರ್ತಾಳಾ?"

ಮರುವರ್ಷದ ಬೇಸಿಗೆ ಬಂತು. ಕಲ್ಲುದಾರಿಯ ಬುಡದಲ್ಲಿ ಮೂವತ್ತಾರು ಗಾಡಿ ಸಾಲುಗಟ್ಟಿದ್ದವು. ಮೂರನೆಯ ತಿರುವು ಹತ್ತಿರವಾದಂತೆ ಸೊಸೆ ಗೇರು ಇಳಿಸಿದಳು. ಮೇಷ್ಟ್ರು ತಮಗೇ ತಿಳಿಯದಂತೆ ಭುಜದ ಮೇಲೆ ಕೈ ಇಟ್ಟುಕೊಂಡರು. ವ್ಯಾನು ಬಲಕ್ಕೆ ವಾಲಿತು. ವಾಲಿತು, ಅಷ್ಟೇ. ಚಕ್ರಗಳು ನೆಲವನ್ನು ಕಚ್ಚಿಕೊಂಡೇ ಇದ್ದವು. ಹಿಂದಿನಿಂದ ಒಂದು ಚಮಚ ಅಲುಗಿದ ಸದ್ದೂ ಬರಲಿಲ್ಲ.

"ದಾಟಿತಾ?" ಎಂದರು ಮೇಷ್ಟ್ರು.

"ಐದನೇದಕ್ಕೆ ಬಂದ್ವಿ ರೀ, ಕಣ್ಣು ಬಿಡಿ."

ಒಂಬತ್ತನೆಯ ತಿರುವಿನಲ್ಲಿ ಚೂರಿಯಂಥ ಕಲ್ಲೊಂದು ಎಡ ಮುಂದಿನ ಟೈರಿನ ಪಕ್ಕೆಯನ್ನು ಸೀಳಿತು. ಬುಸ್ಸೆಂದು ಗಾಳಿ ಹೋಯಿತು. ದಾರಿ ಕಿರಿದು, ಏರು ಕಡಿದು, ಹಿಂದೆ ಹನ್ನೊಂದು ಗಾಡಿ. ಮೊದಲನೆಯದೇ ಕೆಂಪು ಜೀಪು. ಅವನು ಇಳಿದು ಓಡಿಬಂದ. "ಅಕ್ಕಾ, ಗಾಬರಿಯಾಗ್ಬೇಡಿ! ಸಾಮಾನು ಇಳಿಸೋಣ, ನಾವೆಲ್ಲ ಕೈ ಹಾಕ್ತೀವಿ!"

"ಇಳಿಸೋದೇನೂ ಇಲ್ಲಪ್ಪ, ಸ್ವಲ್ಪ ಪಕ್ಕಕ್ಕೆ ನಿಂತ್ಕೋ" ಎಂದು ಅತ್ತೆ ಬಾಗಿಲು ಹಿಡಿದು ಇಳಿದರು. "ಚಕ್ರ ಕೆಟ್ಟರೆ" ಡ್ರಾಯರ್ ಎಳೆದರು. ಸಾಮಾನು ಕೈಯಿಂದ ಕೈಗೆ ದಾಟಿಸಲು ಮೇಷ್ಟ್ರು ನಡುವೆ ನಿಂತರು.

ಮುಂದಿನದನ್ನು ನೋಡಿದವರು ಆ ಎರಡು ದಿನವೂ ಹೇಳಿಕೊಂಡು ತಿರುಗಿದರು. ಸೊಸೆ ನೆಲದ ಮೇಲೆ ಮಂಡಿಯೂರಿ, ಕಣ್ಣು ಚಕ್ರದ ಮೇಲೆ, ಬಲಗೈ ಮಾತ್ರ ಹಿಂದಕ್ಕೆ ಚಾಚಿದ್ದಳು. ಚಕ್ರ ಜಾರದಂತೆ ಕೊಡುವ ಮರದ ತುಂಡುಗಳು ಮೊದಲು ಬಂದವು. ಆಮೇಲೆ ಜಾಕ್ ಕೆಳಗಿನ ಹಲಗೆ. ಆಮೇಲೆ ಜಾಕ್. "ಪಾನಾ" ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಪಾನಾ ಅಂಗೈಯಲ್ಲಿತ್ತು, ಹಿಡಿ ಅವಳ ಕಡೆಗೇ ತಿರುಗಿಸಿದ್ದು. ಬಿಚ್ಚಿದ ನಟ್ಟುಗಳಿಗೆ ಅತ್ತೆ ತಾವೇ ಮುಂದೆ ಬಂದು ಒಂದು ಸ್ಟೀಲಿನ ಬಟ್ಟಲು ಹಿಡಿದರು. "ಎಣಿಸ್ಕೊಂಡು ಹಾಕು. ಆರು." ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮೊದಲು ಹತ್ತಿಯುಂಡೆ ಎಣಿಸುತ್ತಿದ್ದ ದನಿ ಅದು. ಮೇಷ್ಟ್ರು ಸ್ಟೆಪ್ನಿಯ ಬೆಲ್ಟ್ ಸಡಿಲಿಸಿ ಉರುಳಿಸಿ ತಂದರು. ಚಕ್ರ ಕೂತಿತು. ಆರು ನಟ್ಟು. ಬಟ್ಟಲು ಖಾಲಿ.

ಕೆಂಪು ಜೀಪಿನವನ ಕೈಯಲ್ಲಿ ಅವನ ಜಾಕ್ ಹಾಗೇ ಇತ್ತು. ವಾಚು ನೋಡಿಕೊಂಡ. "ಹನ್ನೊಂದು ನಿಮಿಷ! ಅಕ್ಕಾ, ಈ ಅಮ್ಮ ಯಾರು?"

ಸೊಸೆ ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತಳು. "ನಮ್ಮತ್ತೆ" ಎಂದಳು. ಆ ಪದವನ್ನು ಅಷ್ಟು ಎದೆಯುಬ್ಬಿಸಿ ಅವಳು ಹಿಂದೆಂದೂ ಹೇಳಿರಲಿಲ್ಲ.

ಹದಿನೇಳನೆಯ ತಿರುವು ಮುಗಿಯುತ್ತಿದ್ದಂತೆ ದಾರಿ ಒಮ್ಮೆಲೇ ಸಮನಾಯಿತು. ಎದುರಿಗೆ ಕೆರೆಯ ತಳ, ಬಿರುಕುಬಿಟ್ಟ ಬಿಳಿ ಮಣ್ಣು, ಕಣ್ಣು ಹಾಯುವಷ್ಟು ದೂರವೂ ಒಂದು ಕಲ್ಲಿಲ್ಲ, ಒಂದು ಗಿಡವಿಲ್ಲ. ಆಕಾಶ ನೆಲದವರೆಗೂ ಇಳಿದಿತ್ತು. ಸೊಸೆ ಎಂಜಿನ್ ಆರಿಸಿದಳು. ಗಾಳಿಯ ಸದ್ದು ಮಾತ್ರ. ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿದಳು. ಅಳುತ್ತಿದ್ದಾಳೇನೋ ಎಂದು ಮೇಷ್ಟ್ರು ಬಗ್ಗಿ ನೋಡಿದರೆ ನಗುತ್ತಿದ್ದಳು.

ತಮ್ಮ ಟೀ ಮುಗಿಸಿ ಅತ್ತೆ ಬಯಲಿನ ಕಡೆ ನೋಡುತ್ತ ಕೇಳಿದರು: "ಇಲ್ಲಿ ಗುದ್ದೋಕೆ ಏನಾದ್ರೂ ಇದೆಯೇನೆ?"

"ಏನೂ ಇಲ್ಲ ಅತ್ತೆ. ಯಾಕೆ?"

"ಹಾಗಾದ್ರೆ ನಂಗೆ ಓಡಿಸೋದು ಹೇಳಿಕೊಡು."

ಮೇಷ್ಟ್ರು ಅರ್ಧ ಕುಡಿದ ಲೋಟ ಕೆಳಗಿಟ್ಟು ಎದ್ದರು. "ಅಮ್ಮಾ, ಮಂಡಿ!"

"ಮಂಡಿ ನಂದು. ನೀನು ಟೀ ಕುಡಿ."

ಸೊಸೆ ಸೀಟನ್ನು ಮುಂದಕ್ಕೆ ಎಳೆದು, ಬೆನ್ನಿಗೆ ದಿಂಬು ಕೊಟ್ಟು, ಅತ್ತೆಯನ್ನು ಕೂರಿಸಿದಳು. ಕ್ಲಚ್ ಯಾವುದು, ಬ್ರೇಕ್ ಯಾವುದು ತೋರಿಸಿದಳು. ಮೊದಲ ಸಲ ವ್ಯಾನು ಕೆಮ್ಮಿ ನಿಂತಿತು. ಎರಡನೆಯ ಸಲ ಕಪ್ಪೆಯಂತೆ ನೆಗೆದು ನಿಂತಿತು. ಮೂರನೆಯ ಸಲ ಮೆಲ್ಲಗೆ, ಒಂದನೇ ಗೇರಿನಲ್ಲಿ, ಹೊರಟೇಬಿಟ್ಟಿತು. ಬಿಳಿ ಮಣ್ಣಿನ ಮೇಲೆ ಚಕ್ರದ ಗುರುತು ಮೊದಲು ಸೊಟ್ಟಗೆ, ಆಮೇಲೆ ನೆಟ್ಟಗೆ ಬಿದ್ದಿತು. ಪಕ್ಕದಲ್ಲಿ ಓಡುತ್ತಿದ್ದ ಮೇಷ್ಟ್ರು, "ಅಮ್ಮಾ ಸಾಕು, ನಿಲ್ಸು!" ಎಂದು ಕೂಗಿ ಕೂಗಿ ಹಿಂದೆ ಬಿದ್ದರು. ಬೀಡುಬಿಟ್ಟಿದ್ದ ಮೂವತ್ತೈದು ಗಾಡಿಯವರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

"ಬ್ರೇಕ್ ಹಾಕ್ತೀರಾ ಅತ್ತೆ?"

"ಬ್ರೇಕು ಆಮೇಲೆ" ಎಂದರು ಅತ್ತೆ, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು. "ಮೊದಲು ಎರಡನೇ ಗೇರು ಎಲ್ಲಿದೆ ತೋರಿಸು."