ಹಿತ್ತಲಲ್ಲಿ ಕಲಿತ ಪಟ್ಟು

“ಕೈ ಜಗ್ಗಬ್ಯಾಡ. ಜಗ್ಗಿದಷ್ಟೂ ಅಂವ ಬಿಗಿ ಹಿಡೀತಾನ. ಅವನ ಹೆಬ್ಬೆರಳಿನ ಕಡೆ ತಿರುವು. ಹಾಂ, ಹಂಗ! ತಿರುವು!”

ಮಹೆಜಬೀನ ಹಲ್ಲು ಕಚ್ಚಿ ಮಣಿಕಟ್ಟು ತಿರುವಿದಳು. ಲೂಸಿಯ ಹಿಡಿತದಿಂದ ಕೈ ಸರಕ್ಕನೆ ಹೊರಗೆ ಬಂತು. ಬಿಡಿಸಿಕೊಂಡ ಕೈಯನ್ನು ಅವಳು ಬೇರೆ ಯಾರದೋ ಎಂಬಂತೆ ಒಂದು ಕ್ಷಣ ನೋಡಿಕೊಂಡು, ಆಮೇಲೆ ಜೋರಾಗಿ ನಕ್ಕಳು.

“ಅಮ್ಮೀ, ನೋಡಿದ್ರೇನು? ಬಿಡಿಸ್ಕೊಂಡೆ!”

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅವಳ ಅತ್ತೆ ದೌಲತಬಿ ಕನ್ನಡಕ ಮೇಲೇರಿಸಿದಳು. “ಎಲ್ಲಿ ನೋಡ್ಲಿ? ಕಣ್ಣು ಮಿಟುಕೋದ್ರಾಗ ಮುಗೀತು. ಇನ್ನೊಮ್ಮೆ ಮಾಡು ಬೇಟಿ. ಲೂಸಿ, ಈ ಸಲ ಗಟ್ಟಿ ಹಿಡಿ, ಸೊಸಿ ಅಂತ ಬಿಡಬ್ಯಾಡ.”

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಸರದಿಗಾಗಿ ನಿಂತಿದ್ದ ರೂಪಾಲಿ, “ನನಗೂ ಕಲಸ್ರಿ ಅಕ್ಕಾ, ಅಕಿಗೇ ಎಷ್ಟು ಸಲ?” ಎಂದಳು.

ಹಳಿಯಾಳದ ಪೇಟೆ ಹಿಂದಿನ ಆ ಓಣಿಯಲ್ಲಿ ಇದ್ದದ್ದು ಐದೇ ಮನೆ. ಐದೂ ರೂಪಾಲಿಯ ತಂದೆ ಮಹಾಬಳೇಶ್ವರರವು. ಒಂದರಲ್ಲಿ ಅವರು, ಮಗಳು, ಮನೆ ಅಳಿಯ ಪುಂಡಲೀಕ. ಉಳಿದವು ಬಾಡಿಗೆಗೆ. ದೌಲತಬಿಯ ಮಗ ಆರೀಫ ಗೋವಾದ ಗ್ಯಾರೇಜಿನಲ್ಲಿದ್ದ. ಅತ್ತೆ, ಸೊಸೆ ಇಬ್ಬರೇ ಇಲ್ಲಿ. ಮೂಲೆಯ ಮನೆಗೆ ದೀಪಾವಳಿ ಮುಗಿದ ಮೇಲೆ ಬಂದವರು ಲೂಸಿ ಮತ್ತು ಜೇವಿಯರ್. ಬಂದ ದಿನವೇ ಎದುರು ಮನೆಯವರು “ನೀವು ಯಾವ ದೇಶದವರು?” ಎಂದು ಕೇಳಿದ್ದರು. ಗುಂಗುರು ಕೂದಲು, ಕಪ್ಪು ಮೈ ಕಂಡವರೆಲ್ಲ ಕೇಳುವ ಆ ಪ್ರಶ್ನೆಗೆ ಲೂಸಿಯ ಬಳಿ ಉತ್ತರ ಸಿದ್ಧವಿತ್ತು. “ಇದಽ ತಾಲೂಕಿನವರ್ರಿ. ಬಸ್ಸಿಳಿದು ಅರ್ಧ ತಾಸು ನಡದ್ರ ನಮ್ಮೂರು.”

ಅವಳು ಈ ಪೇಟೆಗೆ ಮೊದಲು ಬಂದದ್ದು ಚಿಕ್ಕ ಹುಡುಗಿಯಾಗಿ, ಕುಸ್ತಿ ಹಾಸ್ಟೆಲಿಗೆ. ಮ್ಯಾಟಿನ ಮೇಲೆ ಬೆಳೆದು, ರಾಜ್ಯ ಮಟ್ಟದಲ್ಲಿ ಬೆಳ್ಳಿ ಗೆದ್ದು, ಮರುವರ್ಷವೇ ಮೊಣಕಾಲು ಕೆಟ್ಟು ಊರಿಗೆ ಮರಳಿದ್ದಳು. ಈಗ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಇಲ್ಲಿ ಯಾರಿಗೂ ಕುಸ್ತಿಯ ಸಂಗತಿ ಹೇಳಿರಲಿಲ್ಲ. ಹೇಳುವ ಹಾಗೆ ಮಾಡಿದವನು ಕತ್ತಲಲ್ಲಿ ಹಿತ್ತಲಿಗೆ ಬರತೊಡಗಿದ ಯಾರೋ ಒಬ್ಬ.

ಮಹೆಜಬೀನ ದಾಂಡೇಲಿಯ ಒಂದು ಆಸ್ಪತ್ರೆಯಲ್ಲಿ ಆಯಾ. ಬೆಳಗಿನ ಪಾಳಿಗೆ ಮೊದಲ ಬಸ್ಸು ಹಿಡಿಯಬೇಕಾದ್ದರಿಂದ ಕತ್ತಲಿರುವಾಗಲೇ ಹಿತ್ತಲಿನ ಬಚ್ಚಲಿನಲ್ಲಿ ಸ್ನಾನ. ಬಚ್ಚಲೆಂದರೆ ಮೂರು ಕಡೆ ತಗಡು, ಒಂದು ಕಡೆ ಗೋಡೆ. ಒಂದು ಮುಂಜಾನೆ ಮೈಮೇಲೆ ನೀರು ಸುರಿದುಕೊಂಡು ತಲೆಯೆತ್ತಿದರೆ, ತಗಡಿನ ಸಂದಿಯಲ್ಲಿ ಒಂದು ಕಣ್ಣು. ಅವಳು ಕೂಗಿಕೊಂಡಳು, ಯಾರೋ ಗೋಡೆ ಹಾರಿ ಓಡಿದ ಸದ್ದು. ಎರಡು ದಿನ ಬಿಟ್ಟು ಯಾರೋ ಹಿತ್ತಲ ಬಾಗಿಲ ಚಿಲಕ ಅಲ್ಲಾಡಿಸಿದರು. ಮತ್ತೊಂದು ದಿನ ತಂತಿಯ ಮೇಲಿನ ಅವಳ ಬಟ್ಟೆಗಳು ಕಾಣೆಯಾದವು.

ಮಹಾಬಳೇಶ್ವರರ ಕಟ್ಟೆಯ ಮೇಲೆ ಗಂಡಸರು ಸೇರಿದರು. ನಾಯಿ ಸಾಕಬೇಕೆಂದರು, ಕ್ಯಾಮೆರಾ ಹಾಕಿಸಬೇಕೆಂದರು, ಗೋಡೆಯ ಮೇಲೆ ಗಾಜಿನ ಚೂರು ಹುಗಿಯಬೇಕೆಂದರು. ಪುಂಡಲೀಕ ಮಾತ್ರ ಮಾತು ಬಿಟ್ಟು ಕೆಲಸ ಮಾಡಿದ. ಅವನದು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ. ಸ್ವಂತ ಖರ್ಚಿನಲ್ಲಿ ಬಲ್ಬು, ವೈರು ತಂದು ಐದೂ ಹಿತ್ತಲಿಗೆ ದೀಪ ಹಾಕಿಕೊಟ್ಟ. ದೌಲತಬಿ ಅವನ ತಲೆ ಮುಟ್ಟಿ ಹರಸಿದಳು. ಆದರೆ ಆ ದಿನ ಕಟ್ಟೆಯಿಂದ ಎಲ್ಲರೂ ಏಳುವ ಹೊತ್ತಿಗೆ ಮಹಾಬಳೇಶ್ವರರು ಜೇವಿಯರ್ ಕಡೆ ನೋಡಿ, “ಇಷ್ಟು ವರ್ಷ ನಮ್ಮ ಓಣ್ಯಾಗ ಇಂಥಾದ್ದು ಇರಲಿಲ್ಲ. ನೀ ಕತ್ತಲಾಗಽ ಗಾಡಿ ತಗೊಂಡು ಹೋಗ್ತಿ ಅಲ್ಲಾ? ಎಷ್ಟು ಹೊತ್ತಿಗೆ ಹೋಗ್ತಿ?” ಎಂದು ಕೇಳಿದರು.

“ತರಕಾರಿ ಲೋಡ್ ಇದ್ರ ಮುಂಜಾನೆ ನಾಲ್ಕಕ್ಕ ಹೋಗ್ತೇನ್ರಿ ಮಾಲಕರ,” ಎಂದ ಜೇವಿಯರ್. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಮನೆಗೆ ಬಂದು ಅವನು ಊಟದ ತಾಟು ಆಚೆ ಸರಿಸಿದ. ಗಂಡನ ಮೇಲೇ ಸಂಶಯ ಹೊರಿಸಿದ್ದನ್ನು ಲೂಸಿಗೆ ತಡೆಯಲಾಗಲಿಲ್ಲ.

ಮರುದಿನ ಶಾಲೆಯಿಂದ ಮರಳಿದವಳೇ ಅವಳು ದೌಲತಬಿಯ ಹಿತ್ತಲಿಗೆ ಹೋಗಿ, “ಚಾಚಿ, ಅಂವನ್ನ ನಾವಽ ಹಿಡಿಯೂಣು,” ಎಂದಿದ್ದಳು.

ಹಾಗೆ ಶುರುವಾಗಿತ್ತು ಈ ಪಾಠ. ಮೊದಲ ದಿನ ಆಯುಧಗಳದೇ ಚರ್ಚೆ. ದೌಲತಬಿ ಖಾರದಪುಡಿಯ ಡಬ್ಬಿ ಎತ್ತಿ ತಂದಳು. “ಒಂದು ಮುಷ್ಟಿ ಸಾಕು, ಜನ್ಮಕ್ಕ ಮರೀಬಾರದು!”

“ಗಾಳಿ ತಿರುಗಿದ್ರ ನಮ್ಮ ಕಣ್ಣಿಗೇ ಬೀಳ್ತೈತಿ ಚಾಚಿ.”

“ಕುಡಗೋಲು ಇಟ್ಕೊಳ್ಳೂಣೇನು?” ರೂಪಾಲಿ ಕೇಳಿದಳು.

“ಕಸ್ಕೊಂಡ್ರ ಅದು ಅವನ ಕುಡಗೋಲು ಆಗ್ತೈತಿ.”

“ಮತ್ತ ನಮ್ಮ ಹತ್ರ ಏನೈತಿ?”

“ಸೊಂಟ ಐತಿ,” ಎಂದಳು ಲೂಸಿ. “ಕೆಳಗಿಳಿಸಿ ನಿಂತ್ರ ಎಂಥಾ ಗಂಡಸೂ ನಿಮ್ಮನ್ನ ದೂಡಾಕ ಆಗೂದಿಲ್ಲ. ದನಿ ಐತಿ. ನಾಲ್ಕು ಮಂದಿ ಅದೀವಿ. ಹಿಂದ ಮಾತ್ರ ಸರೀಬಾರದು.”

ಹೇಳುತ್ತಲೇ ಅವಳು ಹಾಗೆ ನಿಂತು ತೋರಿಸಿದಳು. ಎಷ್ಟೋ ವರ್ಷಗಳ ಮೇಲೆ ತೊಡೆ ಬಿಗಿದು, ಮೈ ತಾನೇ ತಾನಾಗಿ ಮುಂದಕ್ಕೆ ಬಾಗಿತು. ಕಿವಿಯಲ್ಲಿ ರಕ್ತ ಓಡುವ ಸದ್ದು. ಆ ಸಂಜೆ ರೊಟ್ಟಿ ಬಡಿಯುವಾಗಲೂ ಅವಳ ಕಾಲುಗಳು ಒಲೆಯ ಮುಂದೆ ಕುಣಿಯುತ್ತಿದ್ದವು. ಜೇವಿಯರ್ ಮಾತ್ರ ಹೆದರಿದ್ದ. “ಮೊಣಕಾಲು ಮತ್ತ ಹೋದ್ರ? ಸಿಕ್ಕಾಂವ ದೊಡ್ಡವರ ಕಡೆಯಾಂವ ಆಗಿದ್ರ ಮನಿ ಬಿಡಸ್ತಾರ ಲೂಸಿ.”

“ಸುಮ್ಮನಿದ್ರೂ ಬಿಡಸ್ತಾರ. ನಿನ್ನ ಹೆಸರು ಹೇಳಿ ಬಿಡಸ್ತಾರ.”

ಜೇವಿಯರ್ ಬಿಟ್ಟು ಉಳಿದ ಗಂಡಸರಿಗೆ ಏನೂ ಹೇಳಬಾರದೆಂದು ಹೆಂಗಸರಲ್ಲಿ ಮಾತಾಯಿತು. “ಹೇಳಿದ್ರ ಹತ್ತು ಮಂದಿ ಬಡಿಗಿ ಹಿಡ್ಕೊಂಡು ನಿಲ್ತಾರ, ಬರಾವನೂ ಬರೂದಿಲ್ಲ,” ಎಂದವಳು ರೂಪಾಲಿಯೇ. ಕಲಿಯುವುದರಲ್ಲಿ ಅವಳೇ ಎಲ್ಲರಿಗಿಂತ ಚುರುಕು. ಅಂಗಡಿಗೆ ಹೋದ ಪುಂಡಲೀಕ ಕತ್ತಲಾಗುವ ತನಕ ಬರುತ್ತಿರಲಿಲ್ಲವಾದ್ದರಿಂದ ಅವಳಿಗೆ ಯಾರ ಹೆದರಿಕೆಯೂ ಇರಲಿಲ್ಲ.

ಎರಡು ಮುಂಜಾನೆ ಕಾದರು, ಯಾರೂ ಬರಲಿಲ್ಲ. ಮೂರನೆಯ ಮುಂಜಾನೆ ಮಂಜು ಎಷ್ಟಿತ್ತೆಂದರೆ ಪಕ್ಕದ ಹಿತ್ತಲಿನ ದೀಪ ಬೂದಿ ಬಣ್ಣದ ಉಂಡೆಯಂತೆ ಕಾಣುತ್ತಿತ್ತು. ಮಹೆಜಬೀನ ಹಂಡೆಯ ಕೆಳಗೆ ಬೆಂಕಿ ಮಾಡಿ, ಉಟ್ಟ ಬಟ್ಟೆಯಲ್ಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೆಲಕ್ಕೆ ತಂಬಿಗೆ ತಂಬಿಗೆ ನೀರು ಸುರಿಯತೊಡಗಿದಳು. ದೌಲತಬಿ ಕಂಚಿನ ತಾಟು, ಸೌಟು ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ. ರೂಪಾಲಿ ಟಾರ್ಚು ಹಿಡಿದು ತನ್ನ ಹಿತ್ತಲ ಬಾಗಿಲಲ್ಲಿ. ಗಂಡ ಎಂದಿನಂತೆ ವಾಕಿಂಗಿಗೆಂದು ಕೆರೆಯ ಕಡೆ ಹೋಗಿದ್ದ. ಲೂಸಿ ಕಟ್ಟಿಗೆಯ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮೊಣಕಾಲು ಚಳಿಗೆ ಹಿಡಿದುಕೊಂಡಿತ್ತು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅದು ಹೊರಗೂ ಕೇಳಿಸೀತೆಂದು ಬಾಯಿ ತೆರೆದು ಉಸಿರಾಡಿದಳು. ಹೆದರಿಕೆಯಲ್ಲ ಅದು. ಪಂದ್ಯದ ಮುಂಚೆ ಹೆಸರು ಕೂಗುವಾಗ ಹೀಗೇ ಆಗುತ್ತಿತ್ತು.

ಗೋಡೆಯ ಮೇಲೆ ಒಂದು ತಲೆ ಮೂಡಿತು. ಆಮೇಲೆ ಒಂದು ಕೈ. ಕೈ ತಡಕಾಡಲಿಲ್ಲ, ನೆಟ್ಟಗೆ ಬಲ್ಬಿನ ಕಡೆ ಹೋಗಿ ಅದನ್ನು ಅರ್ಧ ತಿರುವಿತು. ಹಿತ್ತಲು ಕತ್ತಲಾಯಿತು.

ಯಾರೋ ಮೆತ್ತಗೆ ಇಳಿದರು. ಒಲೆಯ ಬೆಂಕಿಯ ಬೆಳಕಿನಲ್ಲಿ ಒಂದು ಜೊತೆ ಬೂಟು ಮಾತ್ರ ಲೂಸಿಗೆ ಕಂಡಿತು. ಬೂಟುಗಳು ತಗಡಿನ ಹತ್ತಿರ ಹೋಗಿ ನಿಂತವು. ಅವನು ಬಗ್ಗಿದ. ಒಳಗೆ ತಂಬಿಗೆಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಅವಳು ಎದ್ದಳು.

ಹಿಂದಿನಿಂದ ಸೊಂಟ ತಬ್ಬಿ ಹಿಡಿದಾಗ ಅವನು ಬೆಚ್ಚಿ ಮೊಣಕೈ ಬೀಸಿದ. ಅದು ಅವಳ ಕೆನ್ನೆಗೆ ಬಡಿಯಿತು. ಬಾಯಲ್ಲಿ ರಕ್ತದ ರುಚಿ. ಅವನು ಬಿಡಿಸಿಕೊಂಡು ತಿರುಗಿ ಅವಳ ಕುತ್ತಿಗೆಗೆ ಕೈ ಹಾಕಿ ದೂಡಿದ, ಅವಳು ಸರಿಯಲಿಲ್ಲ. ದೂಡುವವನ ಭಾರವೆಲ್ಲ ಮುಂದಕ್ಕೆ ಬಂದಿತ್ತು. ಅದಷ್ಟೇ ಬೇಕಾಗಿತ್ತು. ಅವಳು ಅವನ ತೋಳು ಹಿಡಿದು, ಸೊಂಟ ಒಳಗೆ ತೂರಿಸಿ, ತಿರುಗಿ ಎಳೆದಳು. ಮೈ ಪಟ್ಟನ್ನು ಮರೆತಿರಲಿಲ್ಲ. ಅವನು ಅವಳ ಬೆನ್ನ ಮೇಲಿಂದ ಉರುಳಿ ಬೂದಿಗುಂಡಿಗೆ ಅಂಗಾತ ಬಿದ್ದ. ಮೊಣಕಾಲಿನಲ್ಲಿ ಏನೋ ಕಟಕ್ಕೆಂದಿತು. ಅವಳು ಲೆಕ್ಕಿಸದೆ ಅವನನ್ನು ಮಗುಚಿ, ಕೈಯನ್ನು ಬೆನ್ನಿಗೆ ಮಡಚಿ ಮೇಲೆ ಕುಳಿತಳು.

“ಹಿಡದೇನಿ! ಚಾಚೀ, ಹಿಡದೇನಿ!”

ತಾಟಿನ ಸದ್ದು ಓಣಿಯನ್ನೇ ಎಬ್ಬಿಸಿತು. “ಚೋರ್! ಚೋರ್! ಕಳ್ಳ ಸಿಕ್ಕಾನ್ರೋ!” ಎಂದು ದೌಲತಬಿ ಸೌಟು ಬಡಿಯುತ್ತ ಬಂದಳು. ಮಹೆಜಬೀನ ತಂಬಿಗೆ ಎತ್ತಿ ಹಿಡಿದು ಹೊರಗೆ ಜಿಗಿದಳು. ಲೂಸಿಗೆ ನಗಬೇಕೆನಿಸಿತು, ಕೂಗಬೇಕೆನಿಸಿತು. ಮೈಯೆಲ್ಲ ಹಗುರವಾಗಿತ್ತು. ರೂಪಾಲಿ ಹಿತ್ತಲುಗಳ ನಡುವಿನ ಸಂದಿಯಿಂದ ಓಡಿ ಬಂದು, “ಸಿಕ್ಕನೇನ್ರಿ ಅಕ್ಕಾ? ಯಾರ್ರಿ ಅಂವ?” ಎನ್ನುತ್ತ ಟಾರ್ಚು ಹಾಕಿದಳು.

ಬೆಳಕು ಬೂದಿ ಮೆತ್ತಿದ ಮುಖದ ಮೇಲೆ ಬಿತ್ತು. ಪುಂಡಲೀಕ.

ದೌಲತಬಿಯ ಸೌಟು ಗಾಳಿಯಲ್ಲೇ ನಿಂತಿತು. ಲೂಸಿ ತಲೆಯೆತ್ತಿ ರೂಪಾಲಿಯನ್ನು ನೋಡಿದಳು. ಈಗಷ್ಟೇ ಹೊಮ್ಮಿದ್ದ ಸಂತೋಷದ ಬಗ್ಗೆ ಅವಳಿಗೇ ನಾಚಿಕೆಯಾಯಿತು.

“ಬಿಡಾಕ ಹೇಳು ಇಕಿಗೆ,” ಪುಂಡಲೀಕ ಏದುಸಿರು ಬಿಟ್ಟ. “ವಾಕಿಂಗಿಂದ ಬರಾಕತ್ತಿದ್ದೆ. ಇಲ್ಲಿ ಬಲ್ಬು ಹತ್ತಿರಲಿಲ್ಲ. ಸರಿ ಮಾಡೂಣಂತ ಬಂದ್ರ ಹುಚ್ಚಿ ಹಂಗ ಮೈಮ್ಯಾಲೆ ಬಿದ್ಲು. ರೂಪಾ, ಹೇಳು!”

ಅಷ್ಟರಲ್ಲಿ ಮಹಾಬಳೇಶ್ವರರು ಬನಿಯನ್ನಿನ ಮೇಲೆ ಶಾಲು ಹೊದ್ದು ಬಂದಿದ್ದರು. ಹಿಂದೆ ಮತ್ತೆರಡು ಮನೆಯ ಗಂಡಸರು. ಅಳಿಯನನ್ನೂ, ಅವನ ಮೇಲೆ ಕುಳಿತ ಬಾಡಿಗೆಮನೆಯ ಹೆಂಗಸನ್ನೂ ನೋಡಿ ಅವರು ಶಾಲನ್ನು ಬಿಗಿಯಾಗಿ ಎಳೆದುಕೊಂಡರು.

“ಏಳವ್ವಾ ನೀನು,” ಎಂದರು. “ಬಲ್ಬು ನೋಡಾಕ ಬಂದಾನ ಅಂತಾನಲ್ಲ. ಮನ್ಯಾಗಿನ ಮಾತು, ಒಳಗ ಕುಂತು ಮಾತಾಡೂಣು.”

“ಇದು ನಿಮ್ಮ ಮನಿ ಮಾತಲ್ರಿ ಸಾವಕಾರ್ರ,” ಎಂದಳು ದೌಲತಬಿ. “ನನ್ನ ಸೊಸಿ ಬಚ್ಚಲ ಮಾತು.”

ಲೂಸಿ ಏಳಲಿಲ್ಲ. ಜೇವಿಯರ್ ಹೇಳಿದ್ದು ನೆನಪಿಗೆ ಬಂತು. ಕೈ ಸಡಿಲಿಸಿದರೆ ಎಲ್ಲವೂ ಮುಚ್ಚಿಹೋಗುತ್ತದೆ, ಮನೆ ಉಳಿಯುತ್ತದೆ. ಅವಳು ರೂಪಾಲಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಕೇಳಿದಳು. “ಏನು ಮಾಡ್ಲಿ ತಂಗಿ? ಬಿಡ್ಲಿ?”

ರೂಪಾಲಿ ಗಂಡನ ಬೂಟು ನೋಡಿದಳು, ಆರಿದ ಬಲ್ಬನ್ನು ನೋಡಿದಳು, ತಂಬಿಗೆ ಹಿಡಿದು ನಿಂತ ಮಹೆಜಬೀನಳನ್ನು ನೋಡಿದಳು.

“ಬಲ್ಬು ಹತ್ತಿತ್ತು ಬಾಬಾ,” ಎಂದಳು ತಂದೆಗೆ. “ನಾನು ನಮ್ಮ ಬಾಗಿಲಾಗ ನಿಂತು ಇದನ್ನಽ ನೋಡಾಕತ್ತಿದ್ದೆ. ಹತ್ತಿದ್ದು ಆರಿತು. ಆಮ್ಯಾಲೆ ಇಷ್ಟೆಲ್ಲಾ ಆತು.”

“ರೂಪಾ!”

“ದಿನಾ ವಾಕಿಂಗು ಇಲ್ಲೇ ಏನು?” ಅವಳು ಗಂಡನ ಕಡೆ ತಿರುಗಲಿಲ್ಲ. “ಅಕ್ಕಾ, ಅಂವನ್ನ ಬಿಡಬ್ಯಾಡ್ರಿ.”

ಗಂಡನನ್ನು ಅವಳು ‘ಅಂವ’ ಎಂದು ಏಕವಚನದಲ್ಲಿ ಅಂದದ್ದನ್ನು ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಪುಂಡಲೀಕ ಕೊಸರಾಡುವುದನ್ನು ನಿಲ್ಲಿಸಿದ. ರೂಪಾಲಿ ಸೊಂಟದಿಂದ ಮೊಬೈಲ್ ತೆಗೆದು ಪೊಲೀಸರಿಗೆ ಫೋನು ಮಾಡಿದಳು. ಓಣಿಯ ಗುರುತು ಹೇಳುವಾಗ ಅವಳ ದನಿ ಒಂದೇ ಸಲ ಒಡೆಯಿತು. ಮಹಾಬಳೇಶ್ವರರು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಜೀಪು ಬಂದು ಹೋಗುವ ಹೊತ್ತಿಗೆ ಮಂಜು ಕರಗಿತ್ತು. ಮಹೆಜಬೀನ ಪಾಳಿ ಬಿಟ್ಟು ಅತ್ತೆಯೊಂದಿಗೆ ಠಾಣೆಗೆ ಹೋಗಿ ನಡೆದದ್ದನ್ನು ಬರೆಸಿದಳು. ಲೂಸಿಯೂ ಕುಂಟುತ್ತ ಹೋಗಿ ಬಂದಳು. ಸುದ್ದಿ ಕೇಳಿ ಗಾಡಿ ತಿರುಗಿಸಿಕೊಂಡು ಬಂದ ಜೇವಿಯರ್ ಅವಳ ಬಾತ ಕೆನ್ನೆ ನೋಡಿ ಬೈದ, ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಇಟ್ಟ. ಆಮೇಲೆ, “ಅಂವನ್ನ ಎತ್ತಿ ಒಗದಿಯೇನು? ಖರೇನ?” ಎಂದು ಮೂರು ಸಲ ಕೇಳಿದ. ಮೂರನೆಯ ಸಲ ಇಬ್ಬರೂ ನಕ್ಕರು.

ಮಧ್ಯಾಹ್ನಕ್ಕೆ ಮುಂಚೆ ಬಾಗಿಲು ಯಾರೋ ತಟ್ಟಿದರು. ಮನೆ ಬಿಡಲು ಹೇಳಲು ಮಾಲಕರೇ ಬಂದರೆಂದು ಲೂಸಿ ಎದ್ದು ನಿಂತಳು. ಬಂದವಳು ರೂಪಾಲಿ. ಆ ಮನೆಯೊಳಗೆ ಅವಳು ಈ ತನಕ ಕಾಲಿಟ್ಟಿರಲಿಲ್ಲ, ಮಾತೇನಿದ್ದರೂ ಹಿತ್ತಲಿನಲ್ಲೇ.

“ಬಾಬಾ ಇನ್ನೂ ಕಟ್ಟಿ ಮ್ಯಾಲೆ ಕುಂತಾರ. ಯಾರ ಜೋಡೀನೂ ಮಾತಿಲ್ಲ,” ಎಂದಳು. “ಮನ್ಯಾಗ ಇರಾಕ ಆಗವಲ್ದು ಅಕ್ಕಾ. ಸ್ವಲ್ಪ ಹೊತ್ತು ಇಲ್ಲಿ ಕುಂದರ್ಲೇನು?”

ಲೂಸಿ ಚಾಪೆ ಹಾಸಿದಳು. ಚಹಾ ಕಾಯಿಸಿ ತರುವಷ್ಟರಲ್ಲಿ ರೂಪಾಲಿ ಗೋಡೆಗೆ ಮುಖ ಮಾಡಿ ಮಲಗಿ ನಿದ್ದೆ ಹೋಗಿದ್ದಳು. ಲೂಸಿ ಅವಳ ಮೇಲೆ ತನ್ನ ದುಪ್ಪಟಿ ಹೊದಿಸಿ, ನೋಯುವ ಕಾಲನ್ನು ಎಳೆದುಕೊಂಡು ಹೊರಗೆ ಬಂದು ಹೊಸ್ತಿಲ ಮೇಲೆ ಕುಳಿತಳು. ಬಿಸಿಲು ಓಣಿಯ ಅರ್ಧಕ್ಕೆ ಬಂದಿತ್ತು.

ಸೊಪ್ಪಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಓಣಿಯ ಬಾಯಲ್ಲಿ ಕಾಣಿಸಿಕೊಂಡು, “ಮೆಂತೆ ಪಲ್ಲೇ, ರಾಜಗಿರೀ…” ಎಂದು ಕೂಗಲು ಶುರುಮಾಡಿದಳು. ಲೂಸಿ ತುಟಿಯ ಮೇಲೆ ಬೆರಳಿಟ್ಟು ಒಳಗಡೆ ಕಣ್ಣು ತೋರಿಸಿದಳು. ಮುದುಕಿ ಅರ್ಧಕ್ಕೇ ಬಾಯಿ ಮುಚ್ಚಿದಳು. ಕಾಲಲ್ಲಿದ್ದ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಐದೂ ಬಾಗಿಲು ದಾಟಿ ಸದ್ದಿಲ್ಲದೆ ನಡೆದು ಹೋದಳು.