ಸೋಮವಾರದ ಮಾತ್ರೆ

ಮಾನ್ಯಳ ಟಿ.ಸಿ. ತಗೊಂಡು ಹೋಗಿ ಅಂತ ಚನ್ನರಾಯಪಟ್ಟಣದ ಸ್ಕೂಲಿನಿಂದ ಚೀಟಿ ಬಂತು. ಮಾನ್ಯ ನನ್ನ ಮೊಮ್ಮಗಳು, ಐದನೇ ಕ್ಲಾಸು. ಮಗ ಬಸವೇಶನ ಜೊತೆ ನಾನೂ ಹೋದೆ.

ಮೋಹನ್‌ಕುಮಾರ್ ಮೇಷ್ಟ್ರು ಟೆಸ್ಟ್ ಪುಸ್ತಕ ಮುಂದಕ್ಕೆ ತಳ್ಳಿದರು. "ಎಲ್ಲಾ ಖಾಲಿ. ಮಾತ್ರೆ ಕೊಡ್ತೀವಿ ಅಂತೀರಿ, ಏನ್ ಬಂತು?"

"ಬರೀ ಕೊಬ್ಬು ಸಾ ಇದ್ಕೆ" ಅಂತ ಬಸವೇಶ ಮಗಳ ತಲೆಗೆ ಕುಟ್ಟಿದ.

"ಕೈ ತೆಗಿಯೋ!" ಅಂದೆ.

ಹಾಸನದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಮಿದುಳಲ್ಲಿ ಡೋಪಮಿನ್ ಅಂತ ರಾಸಾಯನಿಕ ಇರುತ್ತೆ, ಗಮನ ಒಂದು ಕಡೆ ನಿಲ್ಲೋಕೆ ಅದು ಬೇಕು, ಈ ಮಗುವಿಗೆ ಅದು ಸರಿಯಾಗಿ ಒದಗ್ತಿಲ್ಲ. ದಿನಾ ತಿಂಡಿ ಆದಮೇಲೆ ಮಾತ್ರೆ ಕೊಡಿ. ಸಂಜೆಗೆ ಅದರ ಕೆಲಸ ಮುಗೀತು, ನಿನ್ನೆಯದು ಇವತ್ತಿಗೆ ಆಗಲ್ಲ.

ಪುಟ ಒಂದೊಂದಾಗಿ ತಿರುವಿದೆ. ತಾರೀಕುಗಳನ್ನು ಗೋಡೆ ಕ್ಯಾಲೆಂಡರಿನ ಜೊತೆ ತಾಳೆ ಹಾಕಿ ನೋಡಿದೆ.

"ಟೆಸ್ಟೆಲ್ಲಾ ಸೋಮವಾರವೇ ಏನ್ ಮೇಷ್ಟ್ರೇ?"

"ಹೂಂ ಕಣಮ್ಮ. ಮಿಕ್ಕ ದಿನ ನೆಟ್ಟಗೆ ಬರೀತಾಳೆ. ಅದಕ್ಕೇ ಬೇಕಂತ ಮಾಡ್ತಾಳೆ ಅಂದಿದ್ದು."

ನನ್ನ ಮೈ ಉರಿದುಹೋಯಿತು. ಮಗಳ ಬುದ್ಧಿ ನಿಲ್ಲಲಿ ಅಂತ ಬಸವೇಶ ಶಿವನಿಗೆ ಹರಕೆ ಹೊತ್ತಿದ್ದ. ಸೋಮವಾರ ಮಾನ್ಯಳಿಗೆ ಉಪವಾಸ, ಸಂಜೆ ಪೂಜೆ ಆಗೋವರೆಗೂ ಬರೀ ನೀರು. ಖಾಲಿ ಹೊಟ್ಟೆಗೆ ಬೇಡ ಅಂತ ಅವತ್ತು ಮಾತ್ರೆಯೂ ಇಲ್ಲ. ನಾನೋ, ಜಾಣಮರಿ ಅಂತ ವಿಭೂತಿ ಹಚ್ಚಿ ಕಳಿಸ್ತಿದ್ದೆ!

"ಸೋಮವಾರ ಬರೆಯೋಕೆ ಆಗಲ್ಲ ಅಂತ ಅಪ್ಪಂಗೆ ಹೇಳಿದ್ದೆ ಅಜ್ಜಿ," ಅಂದಳು ಮಾನ್ಯ. "ನೆಪ ತೆಗೀಬೇಡ ಅಂದ್ರು."

"ಹರಕೆ ಮುರಿಯಕ್ಕಾಯ್ತದಾ ಅವ್ವ?" ಅಂದ ಬಸವೇಶ.

"ಶಿವನ ಹೆಸರೆತ್ತಿದ್ರೆ ನೋಡು! ನಿನ್ನ ಹರಕೆಗೆ ಸೊನ್ನೆ ತಗೊಂಡು, ನಿನ್ನ ಕೈಲೇ ಏಟು ತಿಂತಾವ್ಳೆ. ಉಪವಾಸ ನೀನು ಮಾಡ್ಲಾ, ಆ ಹೊಟ್ಟೆನಾದ್ರೂ ಇಳಿದಾತು."

ಮೇಷ್ಟ್ರು ನಕ್ಕರು. "ನಗಬೇಡಿ ಮೇಷ್ಟ್ರೇ," ಅಂದೆ. "ವಾರಾವಾರ ಒಂದೇ ದಿನ ಕೆಡ್ತಾಳೆ, ಯಾಕೆ ಅಂತ ನೀವೂ ಕೇಳ್ಳಿಲ್ಲ. ಮುಂದಿನ ಸೋಮವಾರ ಬರೆಸಿ, ಆಮೇಲೆ ಟಿ.ಸಿ. ಮಾತು."

ಆ ಸೋಮವಾರ ಅಕ್ಕಿರೊಟ್ಟಿ ಬಡಿಸಿದೆ. ಬಸವೇಶ ಅಡುಗೆಮನೆ ಬಾಗಿಲಲ್ಲೇ ನಿಂತ. ಅಪ್ಪನ ಮುಖ ನೋಡಿ ಮಗು ತಟ್ಟೆಗೆ ಕೈ ಹಾಕಲೇ ಇಲ್ಲ. ನಾನೇ ಮುರಿದು ಬಾಯಿಗಿಟ್ಟೆ. "ಪಾಪ ಬಂದ್ರೆ ನನಗೆ ಬರಲಿ. ಅಗಿ." ಆಮೇಲೆ ಮಾತ್ರೆ ಕೊಟ್ಟೆ. ಬಸವೇಶ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಟೆಸ್ಟ್ ಮುಗಿಯೋವರೆಗೂ ಸ್ಕೂಲಿನ ಜಗಲಿ ಮೇಲೆ ಕೂತಿದ್ದೆ. ಇಪ್ಪತ್ತಕ್ಕೆ ಹದಿಮೂರು.

"ಟಿ.ಸಿ. ಬೇಡ ಬಿಡಿ," ಅಂದರು ಮೇಷ್ಟ್ರು. ನಾನು ಕೈ ಮುಗಿಯಲಿ ಅಂತ ಕಾದರು.

ಕೈ ಮುಗಿಯಲಿಲ್ಲ. "ಆ ಖಾಲಿ ಟೆಸ್ಟುಗಳನ್ನೂ ತೆಗೀರಿ," ಅಂದೆ. "ಒಂದೂ ಬಿಡದೆ ಇವಳ ಕೈಲಿ ಮತ್ತೆ ಬರೆಸಿ."